ಹಿಮವೂ ಜೀವಕಾಯವೇ

ಶ್ರಾವಕನ ಮನೆಯಲ್ಲಿ ಸೋಸದ ನೀರನ್ನು ಕುಡಿಯುವುದಿಲ್ಲ. ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ. ಈ ಆಚಾರಗಳು ಸ್ತುತ್ಯವೇ ಸರಿ. ಆದರೆ ಅಹಿಂಸೆಯು ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟರೆ ಅದು ಧರ್ಮವಾಗಿ ಉಳಿಯದು, ಬರಿಯ ರೂಢಿಯಾಗುತ್ತದೆ. ಉತ್ತರಧ್ರುವದ ಹಿಮ ಕರಗುತ್ತಿರುವ ವಾರ್ತೆಯನ್ನು ಓದಿ, “ಅದಕ್ಕೂ ನಮಗೂ ಏನು ಸಂಬಂಧ?” ಎಂದು ಪತ್ರಿಕೆಯನ್ನು ಮಡಿಚಿಡುವ ಸಮಾಜಬಾಂಧವರು ಇದನ್ನು ವಿಚಾರಿಸಬೇಕಾಗಿದೆ.

ಸಂಬಂಧವನ್ನು ಶಾಸ್ತ್ರವೇ ಹೇಳಿದೆ. ಇಬ್ಬನಿ, ಹಿಮ, ಆಲಿಕಲ್ಲು ಇವೆಲ್ಲ ಜಲಕಾಯಿಕ ಜೀವಗಳ ಶರೀರಗಳು. ಧ್ರುವಪ್ರದೇಶವು 1979ರಿಂದೀಚೆಗೆ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆಯೆಂದು ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು. 2012ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಮುದ್ರದ ಹಿಮವು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತು. ಬಿಳಿಯ ಹಿಮವು ಬಿಸಿಲನ್ನು ಹಿಂದಿರುಗಿಸುತ್ತದೆ; ಅದು ಕರಗಿದೆಡೆ ಕಪ್ಪು ನೀರು ಬಿಸಿಲನ್ನು ಹೀರಿ ಮತ್ತಷ್ಟು ಹಿಮವನ್ನು ಕರಗಿಸುತ್ತದೆ. ಹಿಮದಡಿಯ ಪಾಚಿಯಿಂದ ಮೀನು, ಸೀಲ್, ಹಿಮಕರಡಿಗಳವರೆಗೆ, ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ, ಜೀವರಾಶಿಯೆಲ್ಲ ನಲುಗುತ್ತದೆ.

ಮಳೆಗಾಲದ ಜೀವಗಳಿಗೆ ಹಿಂಸೆಯಾಗದಿರಲೆಂದು ಮುನಿಗಳು ಚಾತುರ್ಮಾಸದಲ್ಲಿ ವಿಹಾರವನ್ನು ನಿಲ್ಲಿಸುತ್ತಾರೆ. ಆ ಮುಂಗಾರಿಗೂ ಧ್ರುವದ ಹಿಮಕ್ಕೂ ಇರುವ ನಂಟನ್ನು ಅರಿಯುವುದು, 2008ರಲ್ಲಿ ಭಾರತವು ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ತೆರೆದ ‘ಹಿಮಾದ್ರಿ’ ಸಂಶೋಧನಾ ಕೇಂದ್ರದ ಉದ್ದೇಶಗಳಲ್ಲೊಂದು.

“ಕಲ್ಲಿದ್ದಲನ್ನು ಸುಡುವವರು ಬೇರೆಯವರು” ಎಂಬ ಸಮಾಧಾನವೂ ನಿಲ್ಲದು. ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರೂ ಕರ್ಮಾಸ್ರವಕ್ಕೆ ಕಾರಣ. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಹೊಗೆಯಲ್ಲಿ ಜ್ಞಾನಭಾರತಿ, ವಿಜಯನಗರಗಳ ಮನೆಗಳಲ್ಲಿ ವೃಥಾ ಉರಿಯುವ ದೀಪಗಳ ಪಾಲೂ ಇದೆ. 2021ರಿಂದ ಮೆಟ್ರೋ ರೈಲು ಜ್ಞಾನಭಾರತಿಯನ್ನು ದಾಟಿ ಕೆಂಗೇರಿಗೆ ಹೋಗುತ್ತಿದ್ದರೂ ದರ್ಶನಕ್ಕೆ ಒಬ್ಬೊಬ್ಬರೇ ಕಾರಿನಲ್ಲಿ ಬರುವುದೇಕೆ? ಪ್ರಯೋಜನವಿಲ್ಲದೆ ನೀರು, ಅಗ್ನಿಗಳನ್ನು ವ್ಯಯಿಸುವುದಕ್ಕೆ ಆಚಾರ್ಯರು ಪ್ರಮಾದಚರ್ಯೆಯೆಂದು ಹೆಸರಿಟ್ಟು ಅನರ್ಥದಂಡದಲ್ಲಿ ಸೇರಿಸಿದ್ದಾರೆ.

ಟ್ರಸ್ಟುಗಳ ಹೊಣೆ ಇನ್ನೂ ದೊಡ್ಡದು. ಪಂಚಕಲ್ಯಾಣ ಮಹೋತ್ಸವಗಳಲ್ಲಿ ರಾತ್ರಿಯಿಡೀ ಡೀಸೆಲ್ ಜನರೇಟರುಗಳಿಂದ ಬೆಳಗುವ ದೀಪಾಲಂಕಾರವನ್ನು ಧರ್ಮಪ್ರಭಾವನೆಯೆನ್ನಲಾಗುತ್ತದೆ. ದೀಪಗಳಿಗೆ ಮುತ್ತಿ ಸಾಯುವ ಹುಳುಗಳನ್ನು ಕಂಡವರು ಆ ಮಾತನ್ನು ಹೇಗೆ ಒಪ್ಪಿಯಾರು? ಕಾಣಿಕೆಯ ಪೈಸೆಪೈಸೆಗೂ ಲೆಕ್ಕವಿಡುವ ಟ್ರಸ್ಟುಗಳು ವಾರ್ಷಿಕ ವರದಿಯಲ್ಲಿ ವಿದ್ಯುತ್ತಿನ ಯೂನಿಟ್ಟು, ಡೀಸೆಲ್ಲಿನ ಲೀಟರುಗಳನ್ನೂ ಮುದ್ರಿಸಲಿ; ಸಭಾಭವನಗಳ ತಾರಸಿಯ ಮೇಲೆ ಸೌರಫಲಕಗಳನ್ನು ಹಾಕಿಸಲಿ; ಉತ್ಸವದ ಬೆಳಕಿಗೆ ಪರಿಗ್ರಹಪರಿಮಾಣದಂತೆಯೇ ಮಿತಿಯನ್ನು ಗೊತ್ತುಮಾಡಲಿ.

ಒಂದು ಬಸದಿಯ ದೀಪಗಳನ್ನು ಆರಿಸಿದ ಮಾತ್ರಕ್ಕೆ ಧ್ರುವದ ಹಿಮ ಉಳಿಯುವುದೇ ಎಂದು ಕೆಲವರು ಕೇಳಬಹುದು. ಒಂದು ಕೊಡ ನೀರನ್ನು ಸೋಸಿದ ಮಾತ್ರಕ್ಕೆ ಲೋಕದ ಕೆರೆಗಳ ಜೀವಗಳೆಲ್ಲ ಉಳಿಯುವುದಿಲ್ಲ. ಆದರೂ ಆ ಕಾರಣಕ್ಕಾಗಿ ಯಾವ ಶ್ರಾವಕನೂ ಸೋಸುವ ಬಟ್ಟೆಯನ್ನು ಬಿಸುಟಿಲ್ಲ.