ಸಹಿ, ಮೊಹರಿನ ಜೊತೆ ಮೂಲ ಕಡತವೂ ಬರಲಿ

ಸುತ್ತೋಲೆಯೊಂದು ವಿದ್ಯಾರ್ಥಿಯ ಫೋನ್ ಮುಟ್ಟುವ ದಾರಿ ವಿಚಿತ್ರವಾದದ್ದು. ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ, ಪ್ರಿಂಟ್ ತೆಗೆದು ಸಹಿ ಹಾಕಿ ಮೊಹರು ಒತ್ತುತ್ತಾರೆ, ಆಮೇಲೆ ಅದನ್ನೇ ಸ್ಕ್ಯಾನ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅಕ್ಷರವಾಗಿ ಹುಟ್ಟಿದ್ದು ಚಿತ್ರವಾಗಿ ತಲುಪುತ್ತದೆ. ಕಣ್ಣಿರುವವರಿಗೆ ಎರಡೂ ಒಂದೇ. ಸ್ಕ್ರೀನ್ ರೀಡರ್ ನೆಚ್ಚಿ ಓದುವ ವಿದ್ಯಾರ್ಥಿಗೆ ಮಾತ್ರ ಅದು ಖಾಲಿ ಹಾಳೆ.

ಪರದೆಯ ಮೇಲಿನ ಅಕ್ಷರಗಳನ್ನು ಮಾತಾಗಿಸುವ ಈ ತಂತ್ರಾಂಶಕ್ಕೆ ಈಗ ದುಡ್ಡು ಕೊಡಬೇಕಿಲ್ಲ. ಸ್ವತಃ ಕಣ್ಣು ಕಾಣದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆಹ್ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರು ಮಾಡಿದ ಎನ್‌ವಿಡಿಎ ಉಚಿತ. ಅದರೊಡನೆ ಬರುವ ಇ-ಸ್ಪೀಕ್ ಎಂಬ ಧ್ವನಿ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ. ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್‌ಗೂ ಬರುತ್ತದೆ. ಕೊರತೆ ಇರುವುದು ಯಂತ್ರದಲ್ಲಲ್ಲ, ನಾವು ಕಳಿಸುವ ಕಡತದಲ್ಲಿ.

ಸ್ಕ್ಯಾನ್ ಮಾಡದೆ ಕಳಿಸಿದ ಕನ್ನಡ ಕಡತಕ್ಕೂ ತೊಡಕಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದರೆ ಕಾಣುವುದು ಕನ್ನಡವೇ ಆದರೂ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಸ್ಕ್ರೀನ್ ರೀಡರ್ ಓದುವುದು ಆ ಸಂಕೇತವನ್ನು. ಕೇಳುವವರಿಗೆ ಸಿಗುವುದು ಅರ್ಥವಿಲ್ಲದ ಗದ್ದಲ. ಕನ್ನಡ ಅಕ್ಷರಗಳನ್ನು ಕನ್ನಡವಾಗಿಯೇ ಉಳಿಸುವ ಯುನಿಕೋಡ್ ಬಂದು ಮೂರು ದಶಕ ದಾಟಿದೆ, ನುಡಿಯಲ್ಲೇ ಯುನಿಕೋಡ್ ಇದೆ. ಆದರೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಕೈಗೆ ಹತ್ತಿದ ಹಳೆಯ ಫಾಂಟೇ ನಡೆಯುತ್ತಿದೆ. ಯುನಿಕೋಡ್‌ನಲ್ಲಿ ಬರೆದದ್ದು ಕೂಡ ಪಿಡಿಎಫ್ ಆಗುವಾಗ ಒತ್ತಕ್ಷರ, ಗುಣಿತ ಚಿಹ್ನೆಗಳು ಜಾಗ ತಪ್ಪುವುದುಂಟು. ಅದಕ್ಕೇ ಪಿಡಿಎಫ್ ಜೊತೆಗೆ ಮೂಲ ವರ್ಡ್ ಕಡತವನ್ನೂ ಕಳಿಸಬೇಕು ಎನ್ನುವುದು. ಪಿಡಿಎಫ್ ಮಾಡುವಾಗಲೂ ಪ್ರಿಂಟ್ ಆಜ್ಞೆಯ ಮೂಲಕ ಮಾಡಿದರೆ ಶೀರ್ಷಿಕೆಗಳ ಗುರುತು ಅಳಿಸಿಹೋಗುತ್ತದೆ. 'ಸೇವ್ ಆಸ್' ಮೂಲಕ ಮಾಡಿದರೆ ಉಳಿಸಿಕೊಳ್ಳಬಹುದು. ಆ ಗುರುತಿಲ್ಲದೆ ನಲವತ್ತು ಪುಟದ ನೋಟ್ಸಿನಲ್ಲಿ ಮೂರನೇ ಅಧ್ಯಾಯ ಹುಡುಕಬೇಕಾದರೆ ಮೊದಲ ಸಾಲಿನಿಂದ ಕೇಳುತ್ತಾ ಹೋಗಬೇಕು.

ಕೋಲಾರದ ಚಿನ್ನದ ಗಣಿ (ಕೆಜಿಎಫ್) ಊರಾದ ಆಂಡರ್ಸನ್‌ಪೇಟೆಯಲ್ಲಿ ಈ ವಿಷಯಕ್ಕೆ ಇನ್ನೊಂದು ಮಗ್ಗುಲಿದೆ. ಇಲ್ಲಿ ಮನೆಮಾತು ತಮಿಳೋ ತೆಲುಗೋ ಉರ್ದುವೋ ಆಗಿದ್ದು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಕಲಿಯುವ ಮಕ್ಕಳು ಬಹಳ. ಒಂದೇ ಹಾಳೆಯಲ್ಲಿ ಎರಡು ಭಾಷೆ ಇರುವುದು ಊರಿಗೆ ಸಹಜ. ಸ್ಕ್ರೀನ್ ರೀಡರ್‌ಗೆ ಹಾಗಲ್ಲ. ಇದು ಕನ್ನಡ, ಇದು ಇಂಗ್ಲಿಷ್ ಎಂದು ಕಡತದಲ್ಲಿ ಭಾಷೆಯನ್ನು ಗುರುತಿಸಿದ್ದರೆ ಅದು ಧ್ವನಿ ಬದಲಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಹಲವು ಇಂಗ್ಲಿಷ್ ಧ್ವನಿಗಳು ಕನ್ನಡದ ಸಾಲುಗಳನ್ನು ಸದ್ದಿಲ್ಲದೆ ದಾಟಿಬಿಡುತ್ತವೆ. ಏನೋ ಬಿಟ್ಟುಹೋಯಿತೆಂದು ಕೇಳುಗರಿಗೆ ಗೊತ್ತೇ ಆಗುವುದಿಲ್ಲ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಮನೆಗಳಿಗೆ ಓದೇ ಆಸರೆ. ಸಾವಿರಾರು ಜನ ನಸುಕಿನಲ್ಲಿ ಬಂಗಾರಪೇಟೆ ಮೇಲಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳಿರುವುದೂ ಅಲ್ಲೇ, ಸುಮಾರು ನೂರು ಕಿಲೋಮೀಟರ್ ಆಚೆ. ತರಬೇತಿಗೆ ಅಷ್ಟು ದೂರ ಹೋಗುವುದು ಸರಿ. ನಿನ್ನೆಯ ಪಾಠದ ನೋಟ್ಸ್ ಓದಿಸಿಕೊಳ್ಳಲು ನೆರೆಯವರನ್ನೋ ತಂಗಿಯನ್ನೋ ಕಾಯುತ್ತಾ ಕೂರಬೇಕಾದ್ದು ಸರಿಯಲ್ಲ.

ಕಾನೂನಿನಲ್ಲಿ ಅನುಮಾನಕ್ಕೆ ಎಡೆಯಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 42ನೇ ಕಲಮು ಮುದ್ರಣ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮಗಳ ವಿಷಯವೆಲ್ಲ ಎಲ್ಲರಿಗೂ ನಿಲುಕುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಡಿಜಿಟಲ್ ಸೌಲಭ್ಯಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿತು. ಕೃತಿಸ್ವಾಮ್ಯದ ನೆಪವೂ ನಡೆಯದು: ವಿಕಲಚೇತನರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರಲು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಇದೆ. ಆದರೆ ಈ ವಾರದ ನೋಟ್ಸ್, ನಾಳೆ ಬದಲಾಗುವ ಪರೀಕ್ಷಾ ವೇಳಾಪಟ್ಟಿ ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ. ಅವನ್ನು ಬರೆಯುವವರೇ ಸರಿಯಾಗಿ ಕೊಡಬೇಕು.

ಪರೀಕ್ಷಿಸಲು ಸುಲಭದ ದಾರಿಯೊಂದಿದೆ. ಕಳಿಸುವ ಮುನ್ನ ಕಡತ ತೆರೆದು, ಅದರಲ್ಲಿರುವ ಒಂದು ಕನ್ನಡ ಪದವನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿ. ಸಿಗಲಿಲ್ಲವೆಂದರೆ ಸ್ಕ್ರೀನ್ ರೀಡರ್ ಬಳಸುವವರಿಗೂ ಅದು ಸರಿಯಾಗಿ ಸಿಗುವುದಿಲ್ಲ. ಪ್ರಾಂಶುಪಾಲರು ಸಹಿ ಮಾಡಿದ ಪ್ರತಿಯ ಜೊತೆಗೆ ಮೂಲ ಕಡತವನ್ನೂ ಕಳಿಸಲು ಗುಮಾಸ್ತರಿಗೆ ಹೇಳಲಿ. ಡಿಟಿಪಿ ಅಂಗಡಿಗೆ ಹೋದವರು 'ಯುನಿಕೋಡ್‌ನಲ್ಲೇ ಮಾಡಿಕೊಡಿ' ಎಂದು ಕೇಳಲಿ. ಇದಕ್ಕೆ ಅನುದಾನ ಬೇಡ, ಆದೇಶಕ್ಕೆ ಕಾಯುವುದೂ ಬೇಡ. ಮುಂದಿನ ಪರೀಕ್ಷೆಯ ವೇಳಾಪಟ್ಟಿಯಿಂದಲೇ ಶುರು ಮಾಡಬಹುದು.