ಏರುವ ದಾರಿ, ಇಳಿಯುವ ಲೆಕ್ಕ

ಕಳೆದ ವಾರ ನನ್ನ ತಂಗಿಯ ಮೊಮ್ಮಗನು ನಂಜನಗೂಡಿನ ನಮ್ಮ ಮನೆಗೆ ಬಂದಿದ್ದನು. ೧.೯ ಕಿಲೋಮೀಟರು ಈಜಿ, ೯೦ ಕಿಲೋಮೀಟರು ಬೈಸಿಕಲ್ ತುಳಿದು, ಕಡೆಗೆ ೨೧.೧ ಕಿಲೋಮೀಟರು ಓಡುವ ಅರ್ಧ ಟ್ರಯಥ್ಲಾನ್ ಎಂಬ ಪಂದ್ಯಕ್ಕೆ ಸೇರಬೇಕೆಂದು ಅವನ ಹಂಬಲ. ಕೂಡಿಟ್ಟ ಹಣವೋ ಒಂದೇ ಪಂದ್ಯಕ್ಕೆ ಸಾಲುವಷ್ಟು. “ತಾತ, ಬೆಟ್ಟದ ದಾರಿಯಿರುವ ಪಂದ್ಯವನ್ನೇ ಆರಿಸುತ್ತೇನೆ. ಏರಿದಷ್ಟೇ ಇಳಿತವೂ ಉಂಟಲ್ಲ, ಸರಿಹೋಗುತ್ತದೆ” ಎಂದನು.

ಸರಿಹೋಗುವುದಿಲ್ಲವಯ್ಯ ಎಂದು ಹಳೆಯ ಹಲಗೆಯನ್ನು ತರಿಸಿದೆನು. ಸಮನೆಲದಲ್ಲಿ ಗಂಟೆಗೆ ೩೦ ಕಿಲೋಮೀಟರಿನಂತೆ ೨೦ ಕಿಲೋಮೀಟರಿಗೆ ೪೦ ನಿಮಿಷ. ೧೦ ಕಿಲೋಮೀಟರಿನ ಏರನ್ನು ಗಂಟೆಗೆ ೧೫ರಂತೆ ಹತ್ತಿದರೆ ಆ ೪೦ ನಿಮಿಷವೂ ಅಲ್ಲಿಯೇ ತೀರಿತು. ಇಳಿತದಲ್ಲಿ ೪೫ರಂತೆ ಧಾವಿಸಿದರೂ ಇನ್ನು ೧೩ ನಿಮಿಷಕ್ಕೆ ಮೇಲೆ ಬೇಕು. (ಸರಾಸರಿ ೩೦ ಎಂದು ಬರೆದು ಸೊನ್ನೆ ಪಡೆದ ಹುಡುಗರು ಎಷ್ಟು ಮಂದಿ!) ಗಡುವು ಮೀರಿದವನನ್ನು ಓಟಕ್ಕೆ ಬಿಡುವುದಿಲ್ಲ, ಹಣವೂ ಹೋಯಿತು, ಶ್ರಮವೂ ಹೋಯಿತು.

ಇವನ ಅಭ್ಯಾಸವೆಲ್ಲ ತಿರುಮಕೂಡಲು ನರಸೀಪುರದ ಕಡೆಯ ಗದ್ದೆಬಯಲಿನ ರಸ್ತೆಯಲ್ಲಿ. ೨೦೧೯ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ನಡೆದ ಜಗತ್ಪಂದ್ಯದಂತೆ ಕೋಲ್ ದ ವಾನ್ಸ್ ಕಣಿವೆಯನ್ನೇರುವ ದಾರಿ ಇವನಿಗೆ ಸಲ್ಲದು. ಹಾಗೆಂದು ಸಮನೆಲವು ಸುಖವೆಂದಲ್ಲ. ಇಳಿತದ ವಿಶ್ರಾಂತಿಯಿಲ್ಲದೆ ತುಳಿಯುತ್ತಲೇ ಇರಬೇಕು, ಎದುರುಗಾಳಿಗೆ ಬಾಗಿ ಸೊಂಟವೂ ಕತ್ತೂ ನೋಯುವುವು. ಆದರೆ ಆ ನೋವು ಇವನಿಗೆ ಪರಿಚಿತ.

ಹುಡುಗನು ಇನ್ನೂ ಒಪ್ಪಿಲ್ಲ. ಬರುವ ಭಾನುವಾರ ಮುಂಜಾನೆ ಚಾಮುಂಡಿಬೆಟ್ಟವನ್ನು ಎರಡು ಸಲ ಹತ್ತಿ, ಇಳಿದೊಡನೆಯೇ ಒಂದು ಗಂಟೆ ಓಡಿ ನೋಡು, ಹಣ ಕಟ್ಟುವುದು ಆಮೇಲೆ ಎಂದಿದ್ದೇನೆ.