ಕೈ ಪಳಗದವರಿಗೆ ಪದವಿ ಬೇಡ

ರಾಷ್ಟ್ರೀಯ ವೈದ್ಯಕೀಯ ಆಯೋಗದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ಮನೋವೈದ್ಯರೆಂದರೆ ಮಾತಾಡಿಸುವವರು, ಮಾತ್ರೆ ಬರೆದುಕೊಡುವವರು ಎಂದು ಜನ ತಿಳಿದಿದ್ದಾರೆ. ಎಂ.ಡಿ.ಯ ಮೂರು ವರ್ಷಗಳನ್ನು ರೂಪಿಸುವವರೂ ಹಾಗೆಯೇ ತಿಳಿದರೆ ರೋಗಿಗೆ ಅಪಾಯ. ನಮ್ಮ ವಿಭಾಗದಲ್ಲೂ ಕೈಯಾರೆ ಮಾಡುವ ಕೆಲಸಗಳಿವೆ. ಅವನ್ನು ಕಲಿಸಿ, ಕಣ್ಣಾರೆ ಕಂಡು, ಒರೆಗೆ ಹಚ್ಚಿದ ಮೇಲೆಯೇ ಪದವಿ ಕೊಡಿ ಎಂದು ಕೇಳಲು ಈ ಪತ್ರ.

ಜನ 'ಕರೆಂಟ್ ಕೊಡುವುದು' ಎನ್ನುವ ಇಸಿಟಿಯನ್ನೇ ನೋಡಿ. ಅನ್ನ ನೀರು ಬಿಟ್ಟು, ಮಾತು ನಿಂತು, ಮರಗಟ್ಟಿ ಮಲಗಿದ ಕೆಟಟೋನಿಯಾ ರೋಗಿಗೆ ಲೋರಾಜೆಪಾಮ್ ನಾಟದಿದ್ದಾಗ ಜೀವ ಉಳಿಸುವ ಚಿಕಿತ್ಸೆ ಇದು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇದನ್ನು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ. ಅರಿವಳಿಕೆಯನ್ನು ಅದರ ತಜ್ಞರು ನೋಡಿಕೊಳ್ಳುತ್ತಾರೆ. ಉಳಿದದ್ದು ನಮ್ಮ ಹೊಣೆ. ಸಕ್ಸಿನೈಲ್‌ಕೋಲಿನ್ ಕೊಡುವ ಮುನ್ನ ಒಂದು ಕೈಗೆ ಅಥವಾ ಕಾಲಿಗೆ ಬಿ.ಪಿ. ಪಟ್ಟಿ ಬಿಗಿದು ರಕ್ತದ ಹರಿವು ತಡೆಯಬೇಕು. ಔಷಧಿ ಅಲ್ಲಿಗೆ ತಲುಪದಿದ್ದರೆ ತಾನೇ ಸೆಳವು ಎಷ್ಟು ಸೆಕೆಂಡು ನಡೆಯಿತೆಂದು ಕಣ್ಣಿಗೆ ಕಾಣುವುದು? ಎಲೆಕ್ಟ್ರೋಡ್ ಇಡುವ ಜಾಗದ ಎಣ್ಣೆ, ಬೆವರು ಒರೆಸಬೇಕು. ಹಲ್ಲುಗಳ ನಡುವೆ ಬೈಟ್ ಬ್ಲಾಕ್ ಸರಿಯಾಗಿ ಕೂರಿಸಬೇಕು. ವಿದ್ಯುತ್ ಪ್ರಮಾಣ ಕಡಿಮೆಯಾದರೆ ಸೆಳವೇ ಬರದು, ಅತಿಯಾದರೆ ಮರೆವಿನ ತೊಂದರೆ ಹೆಚ್ಚುತ್ತದೆ. ಇದಾವುದೂ ಪುಸ್ತಕ ಓದಿ ಬರುವ ವಿದ್ಯೆಯಲ್ಲ.

ಉದ್ರಿಕ್ತ ರೋಗಿಯನ್ನು ಸಂಭಾಳಿಸುವುದೂ ಅಷ್ಟೇ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ದೈಹಿಕ ನಿರ್ಬಂಧ ಬಳಸಬಹುದು, ಶಿಕ್ಷೆಯಾಗಿ ಎಂದೂ ಬಳಸಕೂಡದು ಎನ್ನುತ್ತದೆ ಅದೇ ಕಾಯ್ದೆಯ 97ನೇ ಸೆಕ್ಷನ್. ಮಾತಿನಲ್ಲೇ ಶಮನ ಮಾಡುವುದು ಹೇಗೆ, ಅದು ಸಾಧ್ಯವಾಗದಿದ್ದರೆ ಎದೆ ಅದುಮದೆ, ಉಸಿರುಗಟ್ಟದಂತೆ ಹಿಡಿಯುವುದು ಹೇಗೆ, ಹ್ಯಾಲೋಪೆರಿಡಾಲ್ ಚುಚ್ಚಿದ ಮೇಲೆ ಕತ್ತು ತಿರುಚಿಕೊಂಡರೆ ಏನು ಮಾಡಬೇಕು, ಇವನ್ನೆಲ್ಲ ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಕಲಿತದ್ದನ್ನು ದಾಖಲಿಸಲು ಲಾಗ್ ಬುಕ್ ಇದೆಯಲ್ಲ ಎನ್ನಬಹುದು. ಆದರೆ ಮೂಲೆಯಲ್ಲಿ ನಿಂತು ನೋಡಿದವರಿಗೂ ಗುಂಡಿ ಒತ್ತಿದವರಿಗೂ ತಿಂಗಳ ಕೊನೆಯಲ್ಲಿ ಒಂದೇ ಸಹಿ ಬಿದ್ದರೆ ಆ ಪುಸ್ತಕದಿಂದ ಏನು ಪ್ರಯೋಜನ? ಇಷ್ಟು ಇಸಿಟಿ ಕೊಟ್ಟಿರಲೇಬೇಕು ಎಂದು ಸಂಖ್ಯೆ ಹೇರುವುದೂ ಪರಿಹಾರವಲ್ಲ. ಲೆಕ್ಕ ತುಂಬಿಸಲು ಅಗತ್ಯವಿಲ್ಲದ ರೋಗಿಯನ್ನು ಮೇಜಿನ ಮೇಲೆ ಮಲಗಿಸುವ ಆಸೆ ಹುಟ್ಟಬಾರದು. ಅಳೆಯಬೇಕಾದದ್ದು ಕೌಶಲವನ್ನು.

ನನ್ನ ಬೇಡಿಕೆಗಳು ಮೂರು. ಒಂದು, ಪ್ರತಿ ಕೌಶಲಕ್ಕೂ ಹಂತಹಂತದ ಪಟ್ಟಿ ಇರಲಿ. ಅಧ್ಯಾಪಕರು ಎದುರಿಗೆ ನಿಂತು ನೋಡಿ, 'ಇವರು ಒಬ್ಬರೇ ಮಾಡಬಲ್ಲರು' ಎಂದು ಹೊಣೆ ಹೊತ್ತು ಸಹಿ ಮಾಡಲಿ. ಎರಡು, ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಈಗಾಗಲೇ ಇದೆ. ಹಾಗೆಯೇ ಇಸಿಟಿ ಸೌಲಭ್ಯ ಸಾಲದ ಕಾಲೇಜಿನವರನ್ನು ಅದಿರುವ ಸಂಸ್ಥೆಗೆ ಕಡ್ಡಾಯವಾಗಿ ಕಳಿಸಿ. ಮೂರು, ಅಂತಿಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಈ ಕೌಶಲಗಳನ್ನು ಮಾಡಿ ತೋರಿಸುವಂತಾಗಲಿ.

ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಕಾರ್ಯಕ್ರಮಕ್ಕೆ ನೇಮಕವಾಗಿ ಹೋಗುವ ಹೊಸ ಮನೋವೈದ್ಯರಿಗೆ ಅನುಮಾನ ಬಂದರೆ ಕೇಳಲು ಪಕ್ಕದಲ್ಲಿ ಹಿರಿಯರು ಇರಲಿಕ್ಕಿಲ್ಲ. ಅವರು ಕಲಿಯಬೇಕಾದದ್ದನ್ನು ನಮ್ಮಲ್ಲಿರುವಾಗಲೇ ಕಲಿತು ಹೋಗಬೇಕು. ಮುಂದಿನ ಬ್ಯಾಚ್ ಸೇರುವುದರೊಳಗೆ ಈ ಮೂರನ್ನೂ ನಿಯಮವಾಗಿಸಿ ಎಂದು ಕಳಕಳಿಯಿಂದ ಕೋರುತ್ತೇನೆ.

ಇಂತಿ,
ಮನೋವೈದ್ಯಶಾಸ್ತ್ರದ ಒಬ್ಬ ಅಧ್ಯಾಪಕ